ಪೇಜ್ ಅಳಿಸಿದ ಸುನಿತಾ

“ಕಾಕಾ, ಸುನಿತಾ ನಿಮ್ಮ ವೆಬ್‌ಸೈಟಿನ ಪೇಜ್ ಪೂರಾ ಅಳಿಸಿಬಿಟ್ಟಾಳ್ರಿ!” ಅವಳ ಕ್ಲಾಸಿನ ಅಣವೀರ ಕೂಗಿದ. ಶಹಾಬಾದಿನ ಕಲ್ಲಿನ ಯಾರ್ಡಿನ ಮಾಲೀಕ ಖಂಡೆಪ್ಪ ಚಹಾ ಅಲ್ಲೇ ಬಿಟ್ಟು ಓಡಿಬಂದ. ಪರದೆ ಬೆಳ್ಳಗೆ ಖಾಲಿಯಾಗಿತ್ತು.

“ಹುಚ್ಚಿ ಏನವ್ವ ನೀ? ನನ್ನ ರೇಟು, ಆರ್ಡರು ಎಲ್ಲಾ ಹೋತಲ್ಲ! ಕಾಲೇಜಿನ ಪ್ರಾಜೆಕ್ಟ್ ಅಂತ ನಿಮಗ ಕೊಟ್ಟಿದ್ದೇ ತಪ್ಪಾತು. ಏಳು, ಇನ್ನ ಇವನೇ ಮಾಡ್ತಾನ.”

ಸುನಿತಾ ಕುರ್ಚಿ ಬಿಟ್ಟು ಏಳಲಿಲ್ಲ. “ಇವ ಎಲ್ಲಾ ಒಂದೇ ಫೈಲ್‌ನ್ಯಾಗ ತುಂಬಿದ್ದ. ಬಣ್ಣ ಬದಲಿಸಿದಾಗೊಮ್ಮೆ ರೇಟು ಕೆಡ್ತಿತ್ತು. ನಾ ಬ್ಯಾರೆ ಬ್ಯಾರೆ ಮಾಡೀನಿ ಕಾಕಾ. ರೇಟು, ಆರ್ಡರು ಒಂದು ಕಡೆ, ತೋರಿಸೋ ಪೇಜ್ ಒಂದು ಕಡೆ, ಏನು ಯಾವಾಗ ತೋರಿಸಬೇಕನ್ನೋ ಹುಕುಂ ಮತ್ತೊಂದು ಕಡೆ. ನಿಮ್ಮ ಪಾಲಿಶ್ ಮಷೀನ್ ಕೆಟ್ರ ಅಂಗಳದಾಗಿನ ಕಲ್ಲು ಮಾಯ ಆಗ್ತಾವೇನ್ರಿ?”

ಖಂಡೆಪ್ಪ ಬಾಯಿ ತೆರೆಯುವ ಮೊದಲೇ ಅವಳು ಒಂದು ಸಾಲು ಟೈಪಿಸಿದಳು. ಬಣ್ಣವಿಲ್ಲದ ಬರೀ ಅಕ್ಷರಗಳಲ್ಲಿ ರೇಟು, ಆರ್ಡರು ಒಂದೂ ಬಿಡದೆ ಬಂದು ನಿಂತವು. ಖಂಡೆಪ್ಪ ಪರದೆಗೆ ಬೆರಳಿಟ್ಟು ತನ್ನ ಗಿರಾಕಿಗಳ ಹೆಸರು ಒಂದೊಂದಾಗಿ ಓದಿದ.

“ಮತ್ತ ಪೇಜ್ ಯಾಕ ಅಳಿಸಿದಿ?”

“ಅಳಿಸದಿದ್ರ ನೀವು ನಂಬ್ತಿದ್ರೇನು?”

ಖಂಡೆಪ್ಪ ನಕ್ಕ. “ನಾಳೆ ಹತ್ತಕ್ಕ ಹೊಸ ಪೇಜ್ ತಗೊಂಡು ಬಾರವ್ವ. ಅಣವೀರಾ, ನೀನೂ ಬಾ, ಕಲಿಯಾಕ.”