ತೂತು ಬಿದ್ದ ಹಾಳೆ

"ನಿಮ್ಮ ಹಾಳೆ ಕರುವಿನ ಚರ್ಮಾನೋ ಕುರಿ ಚರ್ಮಾನೋ ಅಂತ ಡಾಕ್ಟರ್ ಜಯಲಕ್ಷ್ಮಿ ನೋಡಿದ ತಕ್ಷಣ ಹೇಳ್ತಾರಂತೆ ರೀ" ಎಂದು ಕಸ್ತೂರಿ ಗಂಡನಿಗೆ ಸುಳ್ಳು ಹೇಳಿದಳು. "ಇವತ್ತು ಮಧ್ಯಾಹ್ನ ಮೂರು ಗಂಟೆಗೆ ಬನ್ನಿ ಅಂದಿದ್ದಾರೆ."

ಮಹಾಬಲೇಶ್ವರ ಪೇಪರ್ ಮಡಿಸಿಟ್ಟು ಆಗಲೇ ಎದ್ದು ನಿಂತರು. ಗಣಿ ಕಂಪನಿಯಿಂದ ನಿವೃತ್ತರಾದ ಮೇಲೆ ಅವರಿಗೆ ಹಿಡಿದಿದ್ದ ಹುಚ್ಚು ಅದೊಂದೇ: ಐನೂರೈವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಯಾರೋ ಕೈಯಲ್ಲಿ ಬರೆದ ಪ್ರಾರ್ಥನೆ ಪುಸ್ತಕದ ಒಂದು ಚರ್ಮದ ಹಾಳೆ. ಹರಾಜಿನಲ್ಲಿ ಕೊಂಡದ್ದು. ಪರ್ತ್ ನಗರದ ವಿಲೆಟನ್ ಬಡಾವಣೆಯ ಅವರ ಮನೆಗೆ ಕಾಫಿಗೆಂದು ಬಂದ ಯಾರೂ ಅದನ್ನು ನೋಡದೆ ವಾಪಸಾದದ್ದಿಲ್ಲ.

ಕಸ್ತೂರಿ ಆ ಚರ್ಮರೋಗದ ಡಾಕ್ಟರ್‌ಗೆ ಫೋನ್ ಮಾಡಿದ್ದು ಬೇರೆ ಚರ್ಮದ ವಿಷಯಕ್ಕೆ. ಗಂಡನ ಎಡ ಮುಂಗೈ ಮೇಲಿನ ಮಚ್ಚೆ ಮೂರು ತಿಂಗಳಲ್ಲಿ ಅಗಲವಾಗಿತ್ತು, ಬಣ್ಣ ಕೆಟ್ಟಿತ್ತು. ಪರ್ತ್‌ನ ಜನವರಿಯ ಕಡುಬೇಸಿಗೆಯಲ್ಲೂ ಅವರು ತುಂಬುತೋಳಿನ ಅಂಗಿ ತೆಗೆಯುತ್ತಿರಲಿಲ್ಲ. ಅವಳು "ಒಂದ್ಸಲ ತೋರಿಸೋಣ" ಎಂದಾಗಲೆಲ್ಲ ಟೀವಿಯ ಸದ್ದು ಜಾಸ್ತಿ ಮಾಡುತ್ತಿದ್ದರು.

ಕ್ಲಿನಿಕ್ಕಿನಲ್ಲಿ ಜಯಲಕ್ಷ್ಮಿ ಅಭ್ಯಾಸಬಲದಿಂದ ಗ್ಲೌಸ್‌ಗೆ ಕೈ ಹಾಕಿದರು.

"ಅಯ್ಯೋ, ಗ್ಲೌಸ್ ಬೇಡ ಡಾಕ್ಟ್ರೇ! ಬೆರಳಿಗೆ ಅಂದಾಜು ಸಿಗಲ್ಲ, ಹಾಳೆ ಹರಿಯತ್ತೆ. ಕೈ ತೊಳ್ದು ಒರೆಸ್ಕೊಳಿ, ಸಾಕು."

ಡಾಕ್ಟರ್ ವಿಧೇಯರಾಗಿ ಕೈ ತೊಳೆದು ಬಂದರು. ಮೇಜಿನ ಮೇಲೆ ಹಾಳೆ ಬಿಚ್ಚಿಕೊಂಡಿತು. ಮೊದಲ ಅಕ್ಷರ ಅಂಗೈಯಷ್ಟು ದೊಡ್ಡದು, ಅದಕ್ಕೆ ಹಚ್ಚಿದ ಚಿನ್ನದ ರೇಕು ಇನ್ನೂ ಹೊಳೆಯುತ್ತಿತ್ತು. ಅಂಚಿನ ತುಂಬ ನೀಲಿ, ಕೆಂಪು ಹೂಬಳ್ಳಿ. ಬಳ್ಳಿಯ ಮೇಲೆ ಒಂದು ಬಸವನಹುಳು. ಕೆಳಗೆ ಬೇರೆ ಬೇರೆ ಶಾಯಿಯಲ್ಲಿ ಎರಡು ಹೆಸರು.

"ಇವಳು ಆಲಿಸ್ ಅಂತ, ಪುಸ್ತಕ ಮೊದಲು ಇವಳದ್ದು. ಆಮೇಲೆ ಈ ಜೋನ್ ಬಂದು ಆಲಿಸ್ ಹೆಸರು ಹೊಡೆದು ಹಾಕಿ ತನ್ನದು ಬರ್ಕೊಂಡಿದ್ದಾಳೆ. ಸೊಸೆ ಇರ್ಬೇಕು" ಎಂದು ಮಹಾಬಲೇಶ್ವರ ನಕ್ಕರು. "ಇನ್ನು ಈ ತೂತು ನೋಡಿ. ಬರೆಯೋನು ಹಾಳೆ ಕೆಟ್ಟೋಯ್ತು ಅಂತ ಬಿಸಾಕಿಲ್ಲ. ಸಾಲು ಅಲ್ಲಿಗೆ ನಿಲ್ಲಿಸಿ, ತೂತು ದಾಟಿ, ಆ ಕಡೆಯಿಂದ ಮುಂದುವರಿಸಿದ್ದಾನೆ!"

ಜಯಲಕ್ಷ್ಮಿಗೆ ಈಗ ನಿಜವಾಗಿಯೂ ಕುತೂಹಲ ಹುಟ್ಟಿತು. ದಿನವಿಡೀ ಮಚ್ಚೆಗಳನ್ನು ನೋಡುವ, ದೀಪವೂ ಕ್ಯಾಮೆರಾವೂ ಇದ್ದ ಪುಟ್ಟ ಭೂತಗನ್ನಡಿಯನ್ನು ತೂತಿನ ಮೇಲೆ ಹಿಡಿದರು. ಪಕ್ಕದ ಪರದೆಯ ಮೇಲೆ ಸಾಲುಸಾಲು ಕೂದಲ ರಂಧ್ರಗಳು ಮೂಡಿದವು.

"ಕರುನೋ ಕುರಿನೋ ನಂಗೊತ್ತಿಲ್ಲ ಅಂಕಲ್. ಆದ್ರೆ ಈ ತೂತು ಚಾಕು ತಾಗಿ ಆದದ್ದಲ್ಲ ಅನ್ಸತ್ತೆ. ದನಗಳಿಗೆ ಉಣುಗು ಕಚ್ಚಲ್ವಾ, ಅಂಥದ್ದೇನೋ. ಸುತ್ತ ನೋಡಿ, ಗಾಯ ಮಾಯ್ದಿದೆ. ಕಚ್ಚಿದ ಮೇಲೂ ಪ್ರಾಣಿ ಬದುಕಿತ್ತು."

ಮಹಾಬಲೇಶ್ವರ ಪರದೆಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡರು. ನಾಲ್ಕು ವರ್ಷದಿಂದ ನೋಡುತ್ತಿದ್ದ ಹಾಳೆ; ಇದು ಅವರಿಗೆ ಹೊಳೆದಿರಲಿಲ್ಲ.

"ಹೋಲಿಸೋಕೆ ಸ್ವಲ್ಪ ಜೀವ ಇರೋ ಚರ್ಮ ತೋರಿಸ್ತೀನಿ. ಕೈ ಕೊಡಿ ಅಂಕಲ್."

ಅವರು ಉತ್ಸಾಹದಿಂದ ಅಂಗಿಯ ಬಲತೋಳು ಮಡಿಸಿದರು.

"ಎಡಗೈ" ಎಂದರು ಡಾಕ್ಟರ್.

ಮಹಾಬಲೇಶ್ವರ ಹೆಂಡತಿಯ ಕಡೆ ತಿರುಗಿದರು. ಕಸ್ತೂರಿ ಗೋಡೆಯ ಮೇಲಿನ ಸನ್‌ಸ್ಕ್ರೀನ್ ಪೋಸ್ಟರನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದಳು.

"ಮಾತಾಡ್ಕೊಂಡು ಕರ್ಕೊಂಡು ಬಂದಿದ್ದೀರಾ ಇಬ್ರೂ" ಎಂದರು. ಸಿಟ್ಟಿಗಿಂತ ಹೆಚ್ಚಾಗಿ ಸಿಕ್ಕಿಬಿದ್ದ ದನಿ. ಆಮೇಲೆ ಜಯಲಕ್ಷ್ಮಿಯ ಕಡೆ ತಿರುಗಿ, "ಡಾಕ್ಟ್ರೇ, ನಮ್ಮಣ್ಣಂಗೂ ಇದೇ ಥರ ಒಂದು ಗಂಟಿತ್ತು. ಕತ್ತಿ ಹಾಕಿದ್ರು, ಹರಡ್ಬಿಡ್ತು. ಆರು ತಿಂಗಳೂ ಉಳೀಲಿಲ್ಲ" ಎಂದರು.

"ಕತ್ತಿ ಹಾಕಿದ್ದಕ್ಕೆ ಹರಡಿರಲ್ಲ ಅಂಕಲ್. ಹರಡಿದ ಮೇಲೆ ಕತ್ತಿ ಹಾಕಿರ್ತಾರೆ."

ಮಹಾಬಲೇಶ್ವರ ಎಡತೋಳಿನ ಗುಂಡಿಯನ್ನು ತಾವೇ ಬಿಚ್ಚಲು ಹೋದರು. ಗುಂಡಿ ಕಾಜಾದಲ್ಲಿ ಸಿಕ್ಕಿಕೊಂಡಿತು. ಕಸ್ತೂರಿ ಪೋಸ್ಟರ್ ಬಿಟ್ಟು ಬಂದು ಬಿಚ್ಚಿಕೊಟ್ಟಳು.

ಭೂತಗನ್ನಡಿಯ ಕೆಳಗೆ ಮಚ್ಚೆ ನೋಡಿದ ಜಯಲಕ್ಷ್ಮಿ ನಗುವುದನ್ನು ನಿಲ್ಲಿಸಿದರು. "ಇವತ್ತೇ ತೆಗೆದುಬಿಡೋಣ" ಎಂದರು. ಇಂಜೆಕ್ಷನ್ ಕೊಡುವಾಗ ಕಸ್ತೂರಿ ಗಂಡನ ಬಲಗೈ ಹಿಡಿದುಕೊಂಡಿದ್ದಳು. ಅವರು ಕಣ್ಣು ಮುಚ್ಚಿದವರು ಹೊಲಿಗೆ ಮುಗಿಯುವವರೆಗೂ ತೆರೆಯಲಿಲ್ಲ.

ತೆಗೆದ ಮಚ್ಚೆ ಪರೀಕ್ಷೆಗೆ ಲ್ಯಾಬಿಗೆ ಹೋಯಿತು. ಹನ್ನೊಂದನೆಯ ದಿನ ಜಯಲಕ್ಷ್ಮಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. "ಕ್ಯಾನ್ಸರೇ ಅಂಕಲ್. ಆದ್ರೆ ತೀರಾ ಮೇಲ್ಗಡೆ ಇತ್ತು, ಆಳಕ್ಕೆ ಇಳಿದಿರ್ಲಿಲ್ಲ. ಸುತ್ತ ಇನ್ನೊಂಚೂರು ತೆಗೀತೀನಿ, ಅಲ್ಲಿಗೆ ಮುಗೀತು. ಇನ್ನೊಂದು ವರ್ಷ ಹೀಗೇ ತೋಳು ಮುಚ್ಕೊಂಡು ಓಡಾಡಿದ್ರೆ ನಾನು ಬೇರೆ ಮಾತು ಹೇಳ್ಬೇಕಾಗ್ತಿತ್ತು."

ಕಸ್ತೂರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಹಾಬಲೇಶ್ವರರ ತಲೆ ಆಗಲೇ ಬೇರೆ ಕಡೆ ಓಡಿತ್ತು.

"ಆ ತೆಗೆದ ಚರ್ಮ ಏನ್ ಮಾಡಿದ್ರಿ? ಬಿಸಾಕಿದ್ರಾ?"

"ಛೆ, ಇಲ್ಲ. ಮೇಣದಲ್ಲಿ ಕೂರಿಸಿ, ಮೇಲೆ ಹೆಸರು, ನಂಬರ್ ಬರೆದು ಲ್ಯಾಬ್‌ನಲ್ಲಿ ಜೋಪಾನವಾಗಿ ಇಟ್ಟಿರ್ತಾರೆ. ಎಷ್ಟೋ ವರ್ಷ."

"ಹೌದಾ!" ಮಹಾಬಲೇಶ್ವರ ನೆಟ್ಟಗೆ ಕುಳಿತು ಕನ್ನಡಕ ಹಾಕಿಕೊಂಡರು. "ಹಾಗಾದ್ರೆ ಸ್ವಲ್ಪ ಫೋನ್ ಮಾಡಿ ಕೇಳಿ ಡಾಕ್ಟ್ರೇ, ನನ್ನ ಹೆಸರಿನ ಸ್ಪೆಲಿಂಗ್ ಸರಿಯಾಗಿ ಬರ್ದಿದ್ದಾರಾ ಅಂತ."