ಪ್ಯಾಂಟಿನ ತೇಪೆ

“ಈ ಬಿಲ್ಲು ನಾನು ಕಟ್ಟಲ್ಲ. ಫ್ಯೂಸ್ ತಾನೇ, ಕಿತ್ಕೊಂಡು ಹೋಗಿ ಅಣ್ಣಾ!” ಎಂದ ಟೈಲರಮ್ಮ ಹೊಲಿಗೆ ಮಿಷನ್ನಿನ ಮೋಟಾರನ್ನು ತಾನೇ ಬಿಚ್ಚಿ, ಲೈನ್‌ಮನ್‌ನ ಮುಂದೆ ಕುಕ್ಕಿದಳು.

“ನನ್ನ ಮೇಲೆ ಯಾಕಮ್ಮ ಸಿಟ್ಟು? ಸರ್ಕಾರ ಸಬ್ಸಿಡಿ ತೆಗೀತು, ಕರೆಂಟಿನ ರೇಟು ದುಪ್ಪಟ್ಟಾಯ್ತು. ದೇಶ ಉದ್ಧಾರ ಆಗ್ಬೇಕಂದ್ರೆ ಎಲ್ರೂ ಸ್ವಲ್ಪ ಹೊಟ್ಟೆಬಟ್ಟೆ ಕಟ್ಬೇಕು,” ಎನ್ನುತ್ತ ಅವನು ಫ್ಯೂಸ್ ಕಿತ್ತು ಜೇಬಿಗಿಳಿಸಿದ.

ಅವಳು ಅತ್ತೆಯ ಕಾಲದ ಚರ್ಮದ ಬೆಲ್ಟನ್ನು ಚಕ್ರಕ್ಕೆ ಸಿಕ್ಕಿಸಿ, ಕಾಲಿನಿಂದ ತುಳಿದು ನೋಡಿದಳು. ಸೂಜಿ ಟಕಟಕನೆ ಓಡಿತು.

“ಸದ್ಯ, ನಡೀತಲ್ಲ!” ಎಂದು ಲೈನ್‌ಮನ್ ಚೀಲದಿಂದ ಪ್ಯಾಂಟೊಂದನ್ನು ತೆಗೆದ. ಕಂಬ ಹತ್ತಿ ಹತ್ತಿ ಅದರ ಕುಂಡೆ ಹರಿದಿತ್ತು. “ಎಂದಿನ ಹಾಗೆ ಒಂದು ತೇಪೆ ಹಾಕ್ಬಿಡಮ್ಮ.”

ಅವಳು ಪ್ಯಾಂಟನ್ನು ಮಡಿಸಿ ಅವನ ಹೆಗಲಿಗೇ ಹಾಕಿದಳು.

“ಏಳು ವರ್ಷದಿಂದ ಪುಕ್ಕಟೆ ಹಾಕ್ತಿದ್ದೆ. ಆ ಸಬ್ಸಿಡೀನೂ ಇವತ್ತಿಗೆ ತೆಗೆದ್ಬಿಟ್ಟೆ ಅಣ್ಣಾ. ದೇಶ ಉದ್ಧಾರ ಆಗ್ಲಿ.”