ಹಸಿರು ಚುಕ್ಕಿ

ಅವಳು ಮನೆಯಲ್ಲೇ ಕೂತು ಆಫೀಸಿನ ಕೆಲಸ ಮಾಡುವವಳು. ಐದು ನಿಮಿಷ ಮೌಸ್ ಅಲುಗಾಡದಿದ್ದರೆ ಅವಳ ಹೆಸರಿನ ಪಕ್ಕದ ಹಸಿರು ಚುಕ್ಕಿ ಹಳದಿಯಾಗುತ್ತಿತ್ತು, ಹಿಂದೆಯೇ ಮ್ಯಾನೇಜರರ ಫೋನ್ ಬರುತ್ತಿತ್ತು. ನೀರು ಕುಡಿಯಲು ಎದ್ದರೂ ಕಾರಣ ಹೇಳಬೇಕು.

"ಕಥೆಯ ರಾಕ್ಷಸನ ಪ್ರಾಣ ಹಸಿರು ಗಿಳಿಯೊಳಗಿತ್ತು. ನಿನ್ನ ಪ್ರಾಣ ಈ ಹಸಿರು ಚುಕ್ಕಿಯೊಳಗಿದೆಯಲ್ಲೇ!" ಎಂದು ಅಜ್ಜಿ ಅಣಕಿಸುತ್ತಿದ್ದರು.

ಕಡೆಗೂ ಬೇರೊಂದು ಕಂಪನಿಯಿಂದ ಸಂದರ್ಶನಕ್ಕೆ ಕರೆ ಬಂತು. ಇಲ್ಲಿ ಅರ್ಧ ದಿನದ ರಜೆಯೂ ಸಿಗಲಿಲ್ಲ.

"ನೀನು ಹೋಗಿ ಬಾರೇ. ದಿನಾ ಸಾವಿರದೆಂಟು ಸಲ ಜಪಮಣಿ ತಿರುಗಿಸೋಳಿಗೆ ಇದೊಂದನ್ನ ಅಲ್ಲಾಡಿಸೋಕೆ ಆಗಲ್ವಾ?" ಎಂದು ಅಜ್ಜಿ ಕನ್ನಡಕ ಏರಿಸಿ, ಮೌಸ್ ಹಿಡಿದು ಕೂತೇಬಿಟ್ಟರು.

ಹೊಸ ಕಂಪನಿಯ ಹಿರಿಯ ಅಧಿಕಾರಿ ನಗುಮೊಗದ ಹೆಂಗಸು. ಒಂದು ಗಂಟೆ ಮಾತಾಡಿಸಿದ ಮೇಲೆ, "ನಮ್ಮಲ್ಲಿ ಯಾರನ್ನೂ ಕಾವಲು ಕಾಯೋದಿಲ್ಲಮ್ಮ, ಎಲ್ಲಾ ನಂಬಿಕೆ ಮೇಲೆ. ಕೆಲಸ ನಿಮಗೇ ಅಂದ್ಕೊಳ್ಳಿ. ಸುಮ್ನೆ ಶಾಸ್ತ್ರಕ್ಕೆ, ಈಗಿನ ಆಫೀಸಿನ ನಿಮ್ಮ ಹಾಜರಿ ಒಂದ್ಸಲ ತೋರಿಸಿಬಿಡಿ" ಎಂದರು.

ಏಳು ಸಮುದ್ರ ದಾಟಿ ದಡ ಮುಟ್ಟಿದವಳಂತೆ ಅವಳು ಫೋನಿನಲ್ಲಿ ಆಫೀಸಿನ ಆ್ಯಪ್ ತೆರೆದು ಅವರ ಕೈಗಿತ್ತಳು. ಹೋದ ತಿಂಗಳ ದಿನಗಳ ಮೇಲೆ ಮೆಚ್ಚುಗೆಯಿಂದ ಸರಿಯುತ್ತಿದ್ದ ಅವರ ಬೆರಳು ಇವತ್ತಿನ ತಾರೀಖಿಗೆ ಬಂದು ನಿಂತಿತು. ಅಲ್ಲಿ ಚುಕ್ಕಿ ಹಚ್ಚಹಸಿರಾಗಿ ಮಿನುಗುತ್ತಿತ್ತು. ಅವರು ಫೋನನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು.

"ಬೆಳಗ್ಗೆ ಒಂಬತ್ತರಿಂದ ಈ ನಿಮಿಷದವರೆಗೂ ನೀವು ಅಲ್ಲೇ ಕೂತು ಕೆಲಸ ಮಾಡ್ತಾ ಇದ್ದೀರಂತಲ್ಲಮ್ಮ?"